ಬ್ರೇಕ್ ಪೈಪ್ ಮನೆಯಲ್ಲೇ ಮಾಡುವುದು: ಫ್ಲೇರ್ ಕೆಡುವುದು ಒತ್ತುವ ಮೊದಲೇ

ಕರಾವಳಿಯಲ್ಲಿ ಓಡಿದ ಕಾರಿನ ಅಡಿಗೆ ಮಲಗಿ ಟಾರ್ಚ್ ಹಿಡಿದರೆ ಕಣ್ಣಿಗೆ ನೇರ ಬೀಳುವ ಕಡೆ ಬ್ರೇಕ್ ಪೈಪ್ ಚೆನ್ನಾಗಿಯೇ ಇರುತ್ತದೆ. ನೋಡಬೇಕಾದದ್ದು ಕ್ಲಿಪ್ ಹಿಡಿದಿರುವ ಜಾಗ, ಹಿಂದಿನ ಆಕ್ಸಲ್ ಮೇಲೆ ಹಾಯ್ದುಹೋಗುವ ಭಾಗ, ಪೆಟ್ರೋಲ್ ಟ್ಯಾಂಕಿನ ಬೆನ್ನಿಗೆ ಅಂಟಿಕೊಂಡ ಭಾಗ. ಅಲ್ಲಿ ಕೂತ ಕೆಸರು ಆರುವುದೇ ಇಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಕಡಲಿನ ಉಪ್ಪುಗಾಳಿ, ಅದು ಸಾಲದು ಅಂತ ಹೆದ್ದಾರಿ 66ರ ಉದ್ದಕ್ಕೂ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು. ಉಗುರಲ್ಲಿ ಕೆರೆದರೆ ತುಕ್ಕು ಹುಡಿಯಾಗಿ ಉದುರಿ ಒಳಗೆ ಗಟ್ಟಿ ಲೋಹ ಕಂಡರೆ ಸದ್ಯಕ್ಕೆ ಪರವಾಗಿಲ್ಲ. ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂದರೆ ಪೈಪ್ ಬದಲಿಸಲೇಬೇಕು. ಆ ಪೈಪಿನ ಗೋಡೆಯ ದಪ್ಪವೇ ಸುಮಾರು 0.7 ಮಿ.ಮೀ.; ಕೆರೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಬಣ್ಣ ಮಾತ್ರ.

ಹೊಸ ಮಾಡೆಲ್ ಆದರೆ ಬಗ್ಗಿಸಿ, ತುದಿ ಅಗಲಿಸಿ (ಇದೇ ಫ್ಲೇರ್), ನಟ್ ಹಾಕಿದ ಪೈಪ್ ಕಂಪನಿಯದೇ ಸಿಗುತ್ತದೆ. ಅದನ್ನೇ ತನ್ನಿ, ಮುಂದಿನದನ್ನು ಓದುವ ಕಷ್ಟವೂ ಬೇಡ. ತೊಂದರೆ ಬರುವುದು ಮಾರುತಿ 800, ಓಮ್ನಿ, ಜಿಪ್ಸಿ, ಅಂಬಾಸಡರ್, ಹಳೆ ಜೀಪ್‌ಗಳಂಥವಕ್ಕೆ. ಅಂಗಡಿಯವರು ಇಲ್ಲ ಅಂತಾರೆ. ಗ್ಯಾರೇಜಿನಲ್ಲಿ ಕೆಲವರು ತುಕ್ಕು ಹಿಡಿದ ತುಂಡನ್ನಷ್ಟೇ ಕತ್ತರಿಸಿ, ನೀರಿನ ಪೈಪಿಗೆ ಹಾಕುವಂಥ ಹಿತ್ತಾಳೆ ಉಂಗುರದ ಜಾಯಿಂಟ್ ಹಾಕಿ ಕೊಡುತ್ತಾರೆ. ಆ ಜಾಯಿಂಟ್ ಪೈಪನ್ನು ಹಿಡಿದುಕೊಳ್ಳುವುದು ಬರೀ ಬಿಗಿತದಿಂದ. ಟೈರಿನಲ್ಲಿ ಇರುವುದು 2 ಬಾರ್‌ಗಿಂತ ತುಸು ಹೆಚ್ಚು ಒತ್ತಡ. ಎದುರಿಗೆ ದನ ಬಂತು ಅಂತ ಬ್ರೇಕ್ ಮೇಲೆ ನಿಂತರೆ ಪೈಪಿನೊಳಗೆ 70ರಿಂದ 100 ಬಾರ್ ಏಳುತ್ತದೆ. ಉಂಗುರದ ಜಾಯಿಂಟ್ ಆಗ ಪೈಪನ್ನು ಉಗುಳಿಬಿಡಬಹುದು. ಬ್ರೇಕಿಗೆ ಅದು ಬೇಡವೇ ಬೇಡ.

ಬ್ರೇಕ್ ಪೈಪಿನ ಜಾಯಿಂಟಿನಲ್ಲಿ ವಾಷರ್ ಇಲ್ಲ, ರಬ್ಬರ್ ಇಲ್ಲ, ಟೇಪ್ ಇಲ್ಲ. ಪೈಪಿನ ತುದಿಯನ್ನು ಅಗಲಿಸಿ ಮಾಡಿದ ಬಾಯಿ, ಅಂದರೆ ಫ್ಲೇರ್, ಎದುರಿನ ತೂತಿನ ತಳದಲ್ಲಿರುವ ಸೀಟಿನ, ಅಂದರೆ ಅದಕ್ಕೆಂದೇ ಮಾಡಿದ ಜಾಗದ, ಮೇಲೆ ಲೋಹಕ್ಕೆ ಲೋಹ ಕೂತು ಆಯಿಲ್ ತಡೆಯುತ್ತದೆ. ನಟ್ ಮಾಡುವುದು ಅದನ್ನು ಹಿಂದಿನಿಂದ ಒತ್ತಿ ಹಿಡಿಯುವ ಕೆಲಸ ಅಷ್ಟೆ. ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತಿದವರು ಈ ಜಾಯಿಂಟ್ ಹೇಗೆ ಸೀಲ್ ಆಗುತ್ತದೆ ಅನ್ನುವುದನ್ನೇ ನೋಡಿಲ್ಲ ಅಂತ ಲೆಕ್ಕ.

ಮೊದಲು ಸೀಟು ನೋಡಿ

ಹಳೆ ಪೈಪ್ ಬಿಚ್ಚಿದ ಮೇಲೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು) ಅಥವಾ ವೀಲ್ ಸಿಲಿಂಡರಿನ (ಚಕ್ರದಲ್ಲಿ ಬ್ರೇಕ್ ಒತ್ತುವುದು) ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ನಡುವೆ ಒಂದು ಪುಟ್ಟ ಗುಡ್ಡ ಎದ್ದಿದ್ದು ಅದರ ನೆತ್ತಿಯಲ್ಲಿ ತೂತಿದ್ದರೆ ಅದಕ್ಕೆ ಬೇಕಾದದ್ದು ಡಬಲ್ ಫ್ಲೇರ್. ತಳ ಒಳಮುಖವಾಗಿ ಗುಂಡಿಯ ಹಾಗೆ ಇಳಿಜಾರಾಗಿದ್ದರೆ ಬಬಲ್ ಫ್ಲೇರ್. ಡಬಲ್ ಫ್ಲೇರ್ ನೋಡಲು ತುತ್ತೂರಿಯ ಬಾಯಿ. ಅದು ಗುಡ್ಡದ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಬಬಲ್ ಫ್ಲೇರ್ ಅಣಬೆಯ ತಲೆ. ಅದು ಗುಂಡಿಯೊಳಗೆ ಕೂರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಬಿಗಿ ಮಾಡುವಾಗ ಕೂತಂತೆಯೇ ಅನ್ನಿಸುತ್ತದೆ, ಸುಮ್ಮನೆ ಪೆಡಲ್ ಒತ್ತಿ ನೋಡಿದರೆ ಸೋರದೆಯೂ ಇರಬಹುದು. ಸೋರುವುದು ಆಮೇಲೆ.

ಮಾರುತಿಯ ಹಳೆ ಗಾಡಿಗಳು ಜಪಾನಿನ ಪದ್ಧತಿಯವು: 4.75 ಮಿ.ಮೀ. ಪೈಪ್, ಎಂ10×1.0 ನಟ್ (ಥ್ರೆಡ್ಡಿನ ಹೊರವ್ಯಾಸ 10 ಮಿ.ಮೀ., ಸುತ್ತಿನಿಂದ ಸುತ್ತಿಗೆ 1 ಮಿ.ಮೀ.), 10 ಮಿ.ಮೀ. ಸ್ಪ್ಯಾನರ್, ಡಬಲ್ ಫ್ಲೇರ್. ಯುರೋಪಿನ ಮೂಲದವು ಅದೇ ಪೈಪ್, ಅದೇ ಎಂ10×1.0 ಥ್ರೆಡ್, ಆದರೆ ಸಾಮಾನ್ಯವಾಗಿ 11 ಮಿ.ಮೀ. ಸ್ಪ್ಯಾನರ್, ಬಬಲ್ ಫ್ಲೇರ್. ಥ್ರೆಡ್ ಒಂದೇ ಆದ್ದರಿಂದ ಅದರ ನಟ್ ಇದಕ್ಕೆ ಸಲೀಸಾಗಿ ಹತ್ತುತ್ತದೆ. ಗುರುತು ಹಿಡಿಯುವುದು ನಟ್ಟಿನ ಮೂತಿಯಲ್ಲಿ: ಬಬಲ್ ನಟ್ಟಿನ ಮೂತಿ ಚಪ್ಪಟೆ, ತುದಿಯ ಒಂದೆರಡು ಮಿ.ಮೀ. ಥ್ರೆಡ್ ಇರುವುದಿಲ್ಲ. ಡಬಲ್ ಫ್ಲೇರ್ ನಟ್ಟಿಗೆ ತುದಿಯವರೆಗೂ ಥ್ರೆಡ್, ಮೂತಿಯ ಒಳಗೆ ಫ್ಲೇರಿನ ಬೆನ್ನು ಕೂರುವ ಹಾಗೆ ಇಳಿಜಾರು.

ಇಂಗ್ಲಿಷ್ ಮೂಲದ ಅಂಬಾಸಡರ್, ಅಮೆರಿಕನ್ ಮೂಲದ ಹಳೆ ಜೀಪ್‌ಗಳಲ್ಲಿ ಇಂಚಿನ ಥ್ರೆಡ್ ಸಿಗುತ್ತದೆ: ವ್ಯಾಸ 3/8 ಇಂಚು, ಇಂಚಿಗೆ 24 ಸುತ್ತು. ಇದರ ಹೊರವ್ಯಾಸ 9.5 ಮಿ.ಮೀ., ಎಂ10ಕ್ಕಿಂತ ಅರ್ಧ ಮಿ.ಮೀ. ಕಡಿಮೆ. ಇಂಚಿನ ನಟ್ ಮಿ.ಮೀ. ತೂತಿಗೆ ಗಡಗಡ ಅನ್ನುತ್ತಾ ಹತ್ತಿ, ಬಿಗಿ ಮಾಡುವಾಗ ಥ್ರೆಡ್ ಕಿತ್ತುಕೊಂಡು ಹೋಗುತ್ತದೆ. ಹಳೆ ನಟ್ಟನ್ನು ವರ್ನಿಯರ್‌ನಲ್ಲಿ ಅಳೆದು, ಥ್ರೆಡ್ ಗೇಜ್ ಕೂರಿಸಿ ನೋಡಿ, ಆಮೇಲೆ ಹೊಸದನ್ನು ಕೊಳ್ಳಿ. ನಟ್ ಬೆರಳಲ್ಲೇ ಕನಿಷ್ಠ ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು.

ಯಾವ ಪೈಪ್

ಕಂಪನಿಯಿಂದ ಬರುವುದು ಎರಡು ಪದರ ಸುತ್ತಿ ತಾಮ್ರದಿಂದ ಬೆಸೆದ ಸ್ಟೀಲ್ ಪೈಪ್, ಮೇಲೆ ಸತುವಿನ ಅಥವಾ ಪ್ಲಾಸ್ಟಿಕ್ ಲೇಪ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಕೇಳುವಾಗ ಬ್ರೇಕ್ ಪೈಪ್ ಅಂತಲೇ ಕೇಳಿ, ಉದ್ದ ಹೊಲಿಗೆಯ ಸಾದಾ ವೆಲ್ಡ್ ಪೈಪ್ ಬೇಡ. ಅದು ಫ್ಲೇರ್ ಮಾಡುವಾಗ ಹೊಲಿಗೆಯ ಗೆರೆಯಲ್ಲೇ ಸೀಳುತ್ತದೆ.

ಉಪ್ಪಿನ ಊರಿಗೆ ನಮ್ಮ ಓಟು ತಾಮ್ರ-ನಿಕಲ್ ಮಿಶ್ರಲೋಹದ ಪೈಪಿಗೆ: ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಸ್ಟೀಲಿಗಿಂತ ಅರ್ಧ ಶ್ರಮದಲ್ಲಿ ಆಗುತ್ತದೆ. ವೋಲ್ವೋದವರು 1970ರ ದಶಕದಿಂದಲೇ ಇದನ್ನು ಹಾಕುತ್ತಾ ಬಂದಿದ್ದಾರೆ. ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, 25 ಅಡಿಯ ಸುರುಳಿಯಾಗಿ ತರಿಸಬೇಕಾಗುತ್ತದೆ.

ಇದನ್ನು ಫ್ರಿಜ್, ಎಸಿಗೆ ಹಾಕುವ ಶುದ್ಧ ತಾಮ್ರದ ಪೈಪಿನ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ನೋಡಲು ಅಣ್ಣತಮ್ಮಂದಿರ ಹಾಗೆ. ಶುದ್ಧ ತಾಮ್ರ ಗಾಡಿಯ ಅದುರುವಿಕೆಗೆ ದಿನ ಕಳೆದಂತೆ ಗಡುಸಾಗಿ, ಫ್ಲೇರಿನ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಅಗ್ಗ, ಪಕ್ಕದಂಗಡಿಯಲ್ಲೇ ಸಿಗುತ್ತದೆ, ಆದರೂ ಬೇಡ.

ಹತ್ಯಾರು

ಪೇಟೆಯಲ್ಲಿ ಫ್ಲೇರಿಂಗ್ ಟೂಲ್ ಅಂತ ಕೇಳಿದರೆ ಹತ್ತರಲ್ಲಿ ಎಂಟು ಅಂಗಡಿಯವರು ಕೊಡುವುದು ಎಸಿ ಕೆಲಸದವರ ಟೂಲ್. ಅದರಲ್ಲಿ ತೂತುಗಳಿರುವ ಎರಡು ಪಟ್ಟಿ, ಮೇಲೆ ಕೋನ್ ಇರುವ ಸ್ಕ್ರೂ, ಅಷ್ಟೇ. ಅದರಿಂದ ಆಗುವುದು ಸಿಂಗಲ್ ಫ್ಲೇರ್. ಬ್ರೇಕಿಗೆ ಅದು ಆಗದು: ಒಂದೇ ಪದರ, ಅಗಲಿಸಿದಷ್ಟೂ ತೆಳು, ಅಂಚಿನಲ್ಲಿ ಸೀಳು. ಡಬಲ್ ಫ್ಲೇರ್ ಅಂದರೆ ಪಂಚೆಯ ಅಂಚನ್ನು ಮಡಿಸಿ ಹೊಲಿದ ಹಾಗೆ. ಅಂಚು ಒಳಕ್ಕೆ ಮಡಿಚಿಕೊಂಡು ಎರಡು ಪದರವಾಗಿ ಕೂರುತ್ತದೆ. ಇದಕ್ಕೆ ಬೇಕಾದ ಟೂಲಿನ ಪೆಟ್ಟಿಗೆಯಲ್ಲಿ ನಾಣ್ಯದಷ್ಟು ಅಗಲದ, ನಡುವೆ ಮೊಳೆಯಂಥ ಕಡ್ಡಿ ಎದ್ದಿರುವ ಪುಟ್ಟ ಡೈಗಳು ಅಳತೆಗೊಂದರಂತೆ ಇರುತ್ತವೆ. ಡೈ ಇಲ್ಲದಿದ್ದರೆ ಅದು ಬ್ರೇಕಿನ ಟೂಲ್ ಅಲ್ಲ. ಬಬಲ್‌ಗೆ ಬೇರೆಯೇ ಡೈ ಬೇಕು. ಡಬಲ್ ಫ್ಲೇರಿನ ಮೊದಲ ಹಂತ ಮುಗಿದಾಗ ಪೈಪಿನ ತುದಿ ಅಣಬೆಯ ಹಾಗೇ ಕಾಣುತ್ತದೆ, ಅದನ್ನೇ ಬಬಲ್ ಅಂತ ಹಾಕಿಬಿಡುವವರಿದ್ದಾರೆ. ಅದರ ಬೆನ್ನಿನ ಇಳಿಜಾರು ಬೇರೆ, ಬಬಲ್ ನಟ್ಟಿನ ಚಪ್ಪಟೆ ಮೂತಿ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ.

ವೈಸ್‌ನಲ್ಲಿ ಕಚ್ಚಿಸಿ ಬಳಸುವ, ಡೈಗಳು ತಿರುಗಣಿಯಲ್ಲಿರುವ ಟೂಲ್ ಸಿಕ್ಕರೆ ಕೆಲಸ ಸುಲಭ. ಹೈಡ್ರಾಲಿಕ್ ಟೂಲ್ ಇನ್ನೂ ಸುಲಭ, ಬೆಲೆಯೂ ಹಾಗೇ. ಪಟ್ಟಿಯ ಟೂಲಿನಲ್ಲೂ ಒಳ್ಳೆಯ ಫ್ಲೇರ್ ಆಗುತ್ತದೆ. ಇಲ್ಲಿ ಹೇಳುವುದು ಅದರ ಬಗ್ಗೆಯೇ. ಉಳಿದಂತೆ ಬೇಕಾದವು: ಚಕ್ರದ ಪುಟ್ಟ ಪೈಪ್ ಕಟರ್, ನುಣ್ಣನೆಯ ಅರ, ಒಳಗಿನ ಅಂಚು ಕೆರೆಯುವ ರೀಮರ್, ಬಗ್ಗಿಸುವ ಟೂಲ್ ಅಥವಾ ಸ್ಪ್ರಿಂಗ್, ಫ್ಲೇರ್ ನಟ್ ಸ್ಪ್ಯಾನರ್. ಕೊನೆಯದು ರಿಂಗ್ ಸ್ಪ್ಯಾನರಿಗೆ ಪೈಪ್ ತೂರುವಷ್ಟು ಬಾಯಿ ಕೊರೆದ ಹಾಗಿರುತ್ತದೆ. ಸಾದಾ ಓಪನ್ ಸ್ಪ್ಯಾನರ್ ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಒಂದೇ ಜಾರಿಗೆ ಉಂಡೆ ಮಾಡುತ್ತದೆ.

ಹಳೆಯದನ್ನು ಬಿಚ್ಚುವುದು

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕಿಯ ಮೇಲೆ ಅಡಿಗೆ ಹೋಗಬೇಡಿ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳ ಬುಡಕ್ಕೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ. ನಟ್ ತಿರುಗುವಾಗ ಪೈಪೂ ಜೊತೆಗೇ ತಿರುಚಿಕೊಳ್ಳುತ್ತಿದ್ದರೆ, ಹೇಗೂ ಎಸೆಯುವ ಪೈಪು, ನಟ್ಟಿನ ಪಕ್ಕದಲ್ಲೇ ಕತ್ತರಿಸಿ ಆರು ಮೂಲೆಯ ಸಾಕೆಟ್ ಹಾಕಿ. ಗ್ಯಾಸ್ ಬೆಂಕಿ ಹಿಡಿಯುವುದು ಬೇಡ, ಬ್ರೇಕ್ ಆಯಿಲ್ ಹೊತ್ತಿಕೊಳ್ಳುತ್ತದೆ, ಪಕ್ಕದ ರಬ್ಬರ್ ಹೋಸೂ ಬೇಯುತ್ತದೆ.

ಪೈಪ್ ಬಿಚ್ಚಿಟ್ಟಷ್ಟು ಹೊತ್ತೂ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಖಾಲಿಯಾಗದಿರಲು ಒಂದು ಉಪಾಯವಿದೆ. ಬ್ರೇಕ್ ಪೆಡಲನ್ನು ಮೂರು ನಾಲ್ಕು ಸೆಂ.ಮೀ. ಒತ್ತಿ, ಡ್ರೈವರ್ ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ಹಿಡಿಸಿ. ಪಿಸ್ಟನ್ ಮುಂದೆ ಸರಿದು ಡಬ್ಬಿಯಿಂದ ಇಳಿಯುವ ತೂತು ಮುಚ್ಚುತ್ತದೆ. ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ, ಬ್ಯಾಟರಿಯ ಒಂದು ವೈರ್ ತೆಗೆದಿಡಿ.

ಹಳೆ ಪೈಪನ್ನು ಮುರಿಯದೆ ಇಡಿಯಾಗಿ ತೆಗೆಯಲು ನೋಡಿ. ಅದೇ ನಿಮ್ಮ ಅಚ್ಚು. ಬಾಗುಗಳ ಮೇಲೆ ದಪ್ಪ ವೈರನ್ನು ಹಾಯಿಸಿಕೊಂಡು ಹೋಗಿ, ನೇರ ಮಾಡಿ ಉದ್ದ ಅಳೆಯಿರಿ. ಪ್ರತಿ ಫ್ಲೇರ್ ಸುಮಾರು 3ರಿಂದ 5 ಮಿ.ಮೀ. ಪೈಪ್ ನುಂಗುತ್ತದೆ. ಅದರ ಮೇಲೆ 3 ಸೆಂ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಒಂದು ಫ್ಲೇರ್ ಕೆಟ್ಟರೂ ಪೈಪ್ ಉಳಿಯುತ್ತದೆ.

ತುದಿಯ ಕೆಲಸ

ಇಲ್ಲಿ ಅವಸರ ಬೇಡ. ಓರೆಯಾದ, ಸೀಳಿದ, ಸೋರುವ ಫ್ಲೇರ್‌ಗಳಲ್ಲಿ ಹೆಚ್ಚಿನವು ಹಾಳಾಗಿರುವುದು ಸ್ಕ್ರೂ ತಿರುಗಿಸುವ ಮೊದಲೇ.

ಗರಗಸದಲ್ಲಿ ಕೊಯ್ಯಬೇಡಿ. ತುದಿ ನೇರ ಬರುವುದಿಲ್ಲ, ಹುಡಿಯೆಲ್ಲ ಒಳಗೆ ಹೋಗುತ್ತದೆ. ಆ ಹುಡಿ ಮುಂದೆ ವೀಲ್ ಸಿಲಿಂಡರಿನ ರಬ್ಬರ್ ಕಪ್ಪನ್ನು ಗೀರುತ್ತದೆ. ಕಟರಿನ ಚಕ್ರವನ್ನು ಪೈಪಿಗೆ ತಾಗಿಸಿ, ಗುಂಡಿಯನ್ನು ಕಾಲು ಸುತ್ತಷ್ಟೇ ಬಿಗಿ ಮಾಡಿ, ಕಟರನ್ನು ಪೈಪಿನ ಸುತ್ತ ಒಂದೆರಡು ಸಲ ತಿರುಗಿಸಿ, ಮತ್ತೆ ಕಾಲು ಸುತ್ತು. ಒಮ್ಮೆಲೇ ಬಿಗಿ ಮಾಡಿದರೆ ಪೈಪ್ ಚಪ್ಪಟೆಯಾಗುತ್ತದೆ, ಇಲ್ಲವೇ ಚಕ್ರ ಸ್ಕ್ರೂವಿನ ಹಾಗೆ ಪೈಪಿನ ಮೇಲೆ ಓಡುತ್ತದೆ.

ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿಯಿರಿ. ಚಕ್ರ ಲೋಹವನ್ನು ಕೊಯ್ಯುವುದಕ್ಕಿಂತ ಒಳಕ್ಕೆ ತಳ್ಳುವುದೇ ಹೆಚ್ಚು, ಹಾಗಾಗಿ ತೂತಿನ ಬಾಯಿಗೆ ಒಳಗಡೆ ಒಂದು ಏಣು ಎದ್ದಿರುತ್ತದೆ. 4.75 ಮಿ.ಮೀ. ಪೈಪಿನ ಒಳತೂತು ಇರುವುದೇ ಸುಮಾರು 3.35 ಮಿ.ಮೀ.; ಏಣಿನಿಂದ ಅದು ಇನ್ನೂ ಕಿರಿದಾಗಿದೆ. ಡೈಯ ಕಡ್ಡಿ ಇದೇ ತೂತಿಗೆ ಹೋಗಬೇಕು. ಏಣು ಉಳಿದಿದ್ದರೆ ಕಡ್ಡಿ ಒಂದು ಬದಿಗೆ ವಾಲಿಕೊಂಡು ಇಳಿಯುತ್ತದೆ, ಡೈಯೂ ವಾಲುತ್ತದೆ, ಮಡಿಕೆ ಒಂದು ಕಡೆ ದಪ್ಪ ಒಂದು ಕಡೆ ತೆಳು. ಅಗ್ಗದ ಡೈ ಆದರೆ ಕಡ್ಡಿಯೇ ಮುರಿದು ಪೈಪಿನೊಳಗೆ ಉಳಿಯುತ್ತದೆ. ಟೂಲ್ ಸರಿ ಇಲ್ಲ ಅಂತ ಬೈಯುವ ಬಹಳಷ್ಟು ಸಂದರ್ಭಗಳಲ್ಲಿ ತಪ್ಪು ಈ ಏಣಿನದು.

ಪೈಪಿನ ಬಾಯಿಯನ್ನು ನೆಲದ ಕಡೆಗೆ ಹಿಡಿದು ರೀಮರ್ ತಿರುಗಿಸಿ, ಚೂರು ಹೊರಗೆ ಬೀಳುತ್ತದೆ. ಏಣು ಹೋಗುವಷ್ಟೇ ಕೆರೆಯಿರಿ, ಗೋಡೆಯನ್ನು ಚೂಪು ಮಾಡಬೇಡಿ. ಆಮೇಲೆ ಅರದಿಂದ ತುದಿಯನ್ನು ಒಂದೇ ಸಮ ಮಾಡಿ, ಹೊರಗಿನ ಮೂಲೆಯನ್ನು ಕಣ್ಣಿಗೆ ಕಂಡೂ ಕಾಣದಷ್ಟು ಸವರಿ. ಪೆನ್ಸಿಲಿನ ಹಾಗೆ ಹೆರೆದರೆ ಅಂಚು ತೆಳುವಾಗಿ ಮಡಿಕೆಯಲ್ಲೇ ಬಿರಿಯುತ್ತದೆ. ಬೆರಳಿನ ತುದಿ ಒತ್ತಿ ನೋಡಿ: ಒಳಗೂ ಹೊರಗೂ ಗೀಚಬಾರದು. ಪ್ಲಾಸ್ಟಿಕ್ ಲೇಪದ ಪೈಪ್ ಆದರೆ ಪಟ್ಟಿ ಕಚ್ಚುವಷ್ಟು ಉದ್ದಕ್ಕೆ ಲೇಪವನ್ನು ಸುಲಿಯಬೇಕು, ಇಲ್ಲದಿದ್ದರೆ ಪೈಪ್ ಜಾರುತ್ತದೆ.

ಈಗ ನಟ್ ಪೋಣಿಸಿ. ಮೂತಿ ಫ್ಲೇರಿನ ಕಡೆಗೆ. ಸೊಗಸಾದ ಫ್ಲೇರ್ ಮಾಡಿ ಮುಗಿಸಿದ ಮೇಲೆ ನಟ್ ಮೇಜಿನ ಮೇಲೆ ಕೂತಿರುವುದು ಕಾಣುವುದಿದೆಯಲ್ಲ, ಅದು ಈ ಕೆಲಸ ಮಾಡುವ ಎಲ್ಲರಿಗೂ ಒಮ್ಮೆಯಾದರೂ ತಪ್ಪಿದ್ದಲ್ಲ. ಎರಡನೇ ತುದಿಗೆ ಬರುವಾಗ ನಟ್ ಎರಡೂ ಪೋಣಿಸಿ, ಒಂದಕ್ಕೊಂದು ಬೆನ್ನು ಹಾಕಿವೆಯಾ ಅಂತ ನೋಡಿ.

ಒತ್ತುವುದು

ಪಟ್ಟಿಯ ತೂತಿನ ಒಂದು ಬದಿಯಲ್ಲಿ ಇಳಿಜಾರು ಬಾಯಿ ಇರುತ್ತದೆ, ಪೈಪ್ ಆ ಬದಿಗೆ ಹೊರಬರಬೇಕು. ಎಷ್ಟು ಹೊರಬರಬೇಕು ಅನ್ನುವುದಕ್ಕೆ ಅಳತೆಪಟ್ಟಿ ಬೇಡ. ಡೈಯನ್ನು ಕಡ್ಡಿ ಮೇಲಾಗಿ, ಪಟ್ಟಿಯ ಮೇಲೆ ಪೈಪಿನ ಪಕ್ಕ ಇಡಿ. ಡೈಯ ಅಂಚಿನ ಮೆಟ್ಟಿಲು ಎಷ್ಟು ಎತ್ತರವೋ ಪೈಪೂ ಅಷ್ಟೇ ಎತ್ತರ. ಕಡಿಮೆಯಾದರೆ ಮಡಿಕೆ ಪೂರ್ತಿಯಾಗದೆ ಅರ್ಧ ಸಿಂಗಲ್ ಫ್ಲೇರ್ ಆಗುತ್ತದೆ. ಹೆಚ್ಚಾದರೆ ಮಡಿಕೆ ಮುದ್ದೆಯಾಗಿ ಮುಚ್ಚಿಕೊಳ್ಳುವುದೇ ಇಲ್ಲ.

ಪಟ್ಟಿಯ ಚಿಟ್ಟೆ ನಟ್‌ಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿ ಮಾಡಿ, ಪಟ್ಟಿಗಳ ನಡುವಿನ ಸಂದು ಎರಡೂ ತುದಿಯಲ್ಲಿ ಒಂದೇ ಇರಲಿ. ಕೊನೆಯ ಬಿಗಿ ಕೈಯಲ್ಲಿ ಸಾಲದು, ಸ್ಪ್ಯಾನರ್ ಬೇಕು. ಅದಕ್ಕೂ ಮೊದಲು ತೂತನ್ನೂ ಪೈಪನ್ನೂ ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆ ತೆಗೆಯಿರಿ. ಒತ್ತುವಾಗ ಪೈಪ್ ಹಿಂದಕ್ಕೆ ಜಾರುವುದೇ ಪಟ್ಟಿಯ ಟೂಲಿನ ಮುಖ್ಯ ರೋಗ. ಪೈಪಿನ ಮೈಮೇಲೆ ಉದ್ದುದ್ದ ಗೀರು ಕಂಡರೆ ಜಾರಿದೆ ಅಂತ ತಿಳಿಯಿರಿ. ಫ್ಲೇರ್ ನೋಡಲು ಚೆನ್ನಾಗಿದ್ದರೂ ಕತ್ತರಿಸಿ ಮತ್ತೆ ಮಾಡಿ.

ಡೈಯ ಕಡ್ಡಿಗೆ ಒಂದು ಹನಿ ಬ್ರೇಕ್ ಆಯಿಲ್, ಮೇಲಿನ ಸ್ಕ್ರೂವಿನ ಥ್ರೆಡ್ಡಿಗೆ ಗ್ರೀಸ್. ಡೈಯನ್ನು ಮಗುಚಿ ಕಡ್ಡಿಯನ್ನು ಪೈಪಿನ ತೂತಿಗೆ ಬಿಟ್ಟು, ಸ್ಕ್ರೂವಿನ ಕೋನ್ ಅದರ ನೆತ್ತಿಯ ಗುಳಿಗೆ ಕೂರುವ ಹಾಗೆ ನಿಲ್ಲಿಸಿ ತಿರುಗಿಸಿ. ಸ್ಟೀಲ್ ಪೈಪಿಗೆ ಬಲ ಬೇಕು, ಪಟ್ಟಿಯನ್ನು ವೈಸ್‌ನಲ್ಲಿ ಕಚ್ಚಿಸಿಕೊಳ್ಳಿ. ಡೈಯ ಅಂಚು ಪಟ್ಟಿಗೆ ತಾಗಿದ ಕೂಡಲೇ ನಿಲ್ಲಿಸಿ. ಬಿಚ್ಚಿ ನೋಡಿದರೆ ತುದಿ ಅಣಬೆಯ ಹಾಗೆ ಊದಿ, ಬಾಯಿ ಒಳಕ್ಕೆ ಸುರುಟಿಕೊಂಡಿರಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಎರಡನೇ ಹಂತ ಅದನ್ನು ಸರಿಮಾಡುವುದಿಲ್ಲ. ಇಲ್ಲೇ ಕತ್ತರಿಸಿ.

ಎರಡನೇ ಹಂತದಲ್ಲಿ ಡೈ ಇಲ್ಲ, ಬರೀ ಕೋನ್. ಅರ್ಧರ್ಧ ಸುತ್ತು ಇಳಿಸುತ್ತಾ ಹೋಗಿ. ಸುರುಟಿದ ಬಾಯಿ ಒಳಮುಖವಾಗಿ ಮಡಿಚಿಕೊಂಡು 45 ಡಿಗ್ರಿಯ ಇಳಿಜಾರಿನಲ್ಲಿ ಕೂರುತ್ತದೆ. ಸ್ಕ್ರೂ ಗಟ್ಟಿಯಾದದ್ದು ಕೈಗೆ ತಿಳಿಯುತ್ತದೆ, ಅಲ್ಲಿಗೆ ಸಾಕು. ಇನ್ನೂ ಒಂದು ಸುತ್ತು ಇರಲಿ ಅಂದರೆ ಸೀಟಿನ ಮುಖ ತೆಳುವಾಗುತ್ತದೆ, ಕುತ್ತಿಗೆಯಲ್ಲಿ ಬಿರುಕು ಬೀಳುತ್ತದೆ. ಬಬಲ್ ಆದರೆ ಒಂದೇ ಹಂತ, ಅದರದೇ ಡೈ, ಕೋನ್ ಹಾಕಬಾರದು.

ಮುಗಿದ ಫ್ಲೇರಿನ ಅಗಲ ಸುಮಾರು 7 ಮಿ.ಮೀ. ಇರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ: ಒಳಮುಖ ನುಣ್ಣಗೆ, ತೂತು ನಟ್ಟನಡುವೆ, ಅಂಚಿನ ದಪ್ಪ ಸುತ್ತಲೂ ಒಂದೇ. ಇನ್ನೂ ನಂಬಿಕೆಯ ಪರೀಕ್ಷೆ ಬೇಕಿದ್ದರೆ ಫ್ಲೇರಿನ ಮುಖಕ್ಕೆ ಮಾರ್ಕರ್ ಬಣ್ಣ ಬಳಿದು, ಎಸೆಯಲಿಟ್ಟ ಹಳೆ ವೀಲ್ ಸಿಲಿಂಡರಿಗೆ ಹಾಕಿ ಬಿಗಿ ಮಾಡಿ ಬಿಚ್ಚಿ. ಬಣ್ಣ ಅಳಿಸಿ ಮಿಂಚುವ ಒಂದು ಉಂಗುರ ಕಾಣಬೇಕು. ಉಂಗುರ ಪೂರ್ತಿ ಇದ್ದರೆ ಸೀಲ್ ಆಗುತ್ತದೆ. ಬಿದಿಗೆ ಚಂದ್ರನ ಹಾಗೆ ಒಂದು ಬದಿಗೆ ಮಾತ್ರ ಇದ್ದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ. ಮೊದಲ ಸಲ ಮಾಡುವವರು ಅಂಗೈಯುದ್ದದ ತುಂಡುಗಳಲ್ಲಿ ಸಾಲಾಗಿ ಐದು ಒಳ್ಳೆಯ ಫ್ಲೇರ್ ಬರುವವರೆಗೆ ಗಾಡಿಯ ಪೈಪನ್ನು ಮುಟ್ಟದಿರುವುದು ಲೇಸು.

ಬಗ್ಗಿಸಿ ಕೂರಿಸುವುದು

ಸುರುಳಿಯ ಪೈಪನ್ನು ನೆಲದ ಮೇಲೆ ಉರುಳಿಸಿಕೊಂಡು ಬಿಚ್ಚಿ, ಎಳೆದು ಬಿಚ್ಚಿದರೆ ಸ್ಪ್ರಿಂಗ್ ಆಗುತ್ತದೆ. ಫ್ಲೇರಿನ ಬೆನ್ನಿಗೇ ಬಾಗು ಕೊಡಬೇಡಿ, ಪಟ್ಟಿ ಕಚ್ಚುವುದಕ್ಕೂ ನಟ್ ಹಿಂದೆ ಸರಿಯುವುದಕ್ಕೂ 4 ಸೆಂ.ಮೀ. ನೇರ ಬೇಕು. ಬಾಗಿನ ತ್ರಿಜ್ಯ 15 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ. ಒಮ್ಮೆ ಮಡಿಚಿ ಚಪ್ಪಟೆಯಾದ ಪೈಪನ್ನು ತಟ್ಟಿ ಸರಿ ಮಾಡಿ ಹಾಕುವಂತಿಲ್ಲ.

ಮಾಸ್ಟರ್ ಸಿಲಿಂಡರಿನ ಹತ್ತಿರ ಪೈಪ್ ಒಂದೆರಡು ಸುತ್ತು ಸುರುಳಿಯಾಗಿದ್ದರೆ ಅದು ಅಲಂಕಾರಕ್ಕಲ್ಲ. ಬಾಡಿಗೂ ಸಿಲಿಂಡರಿಗೂ ನಡುವಿನ ಅದುರುವಿಕೆಯನ್ನು ಆ ಸುರುಳಿ ನುಂಗುತ್ತದೆ, ಇಲ್ಲದಿದ್ದರೆ ಅದೆಲ್ಲ ಫ್ಲೇರಿನ ಕುತ್ತಿಗೆಗೆ ಬೀಳುತ್ತದೆ. ಒಂದೂವರೆ ಇಂಚಿನ ಪಿವಿಸಿ ಪೈಪಿಗೆ ಸುತ್ತಿದರೆ ಅಂದವಾಗಿ ಬರುತ್ತದೆ.

ಕೂರಿಸುವ ಮೊದಲು ಒಳಗೆ ಗಾಳಿ ಹೊಡೆಸಿ, ಸ್ಪಿರಿಟ್ ಹಾಯಿಸಿ, ಮತ್ತೆ ಗಾಳಿ. ಪೆಟ್ರೋಲ್, ಡೀಸೆಲ್ ಬೇಡ. ಅದರ ಪಸೆ ಉಳಿದರೂ ಬ್ರೇಕಿನ ರಬ್ಬರ್ ಉಬ್ಬುತ್ತದೆ. ಮೊದಲು ಎಲ್ಲ ನಟ್ಟುಗಳನ್ನೂ ಬೆರಳಲ್ಲೇ ಹತ್ತಿಸಿ, ಕ್ಲಿಪ್ ಹಾಕಿ, ಆಮೇಲೆ ಬಿಗಿ ಮಾಡಿ. ಎಂ10 ನಟ್ಟಿಗೆ 14ರಿಂದ 18 ನ್ಯೂಟನ್ ಮೀಟರ್ ಸಾಕು. ಅಂದಾಜಿಗೆ, 15 ಸೆಂ.ಮೀ. ಸ್ಪ್ಯಾನರಿನ ತುದಿಗೆ 10 ಕಿಲೋ ತೂಗಿದಷ್ಟು ಬಲ. ಕಂಪನಿಯ ಕ್ಲಿಪ್ ಇದ್ದ ಕಡೆಯೆಲ್ಲ ಕ್ಲಿಪ್ ಇರಲಿ. ಅಲುಗುವ ಭಾಗಗಳಿಂದ ಎರಡು ಬೆರಳು ದೂರ, ಸೈಲೆನ್ಸರಿನಿಂದ ಇನ್ನೂ ದೂರ. ಕೆಲವರು ಪೈಪಿಗೆ ರಕ್ಷಣೆ ಅಂತ ಉದ್ದಕ್ಕೂ ಕರೆಂಟಿನ ಟೇಪ್ ಸುತ್ತುತ್ತಾರೆ. ಟೇಪಿನ ಸಂದಿನಲ್ಲಿ ಉಪ್ಪುನೀರು ನಿಂತು, ಕಾಣದ ಹಾಗೆ ಕೊರೆಯುತ್ತದೆ. ಬೇಡ.

ಗಾಳಿ ತೆಗೆಯುವುದು, ಪರೀಕ್ಷೆ

ಬ್ಲೀಡಿಂಗಿಗೆ, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವುದಕ್ಕೆ, ಮುಚ್ಚಳ ಒಡೆಯದ ಬ್ರೇಕ್ ಆಯಿಲಿನ ಹೊಸ ಡಬ್ಬಿಯನ್ನೇ ತನ್ನಿ, ಡಾಟ್ 3 ಅಥವಾ ಡಾಟ್ 4 ದರ್ಜೆ, ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದು. ಹೊಸ ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ. ನೀರು ಹೀರಿಕೊಂಡರೆ 155ಕ್ಕೆ ಇಳಿಯಬಹುದು. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಒರೆಸಿ ಬಿಟ್ಟರೆ ಸಾಲದು.

ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಗಳಲ್ಲಿ ಅದು ಎಡ ಹಿಂದಿನ ಚಕ್ರ. ಕೆಲವು ಗಾಡಿಗಳಲ್ಲಿ ಪೈಪು ಮೂಲೆಯಿಂದ ಮೂಲೆಗೆ ಜೋಡಿಸಿರುತ್ತದೆ, ಅಲ್ಲಿ ಮ್ಯಾನುಯಲ್ ಹೇಳಿದ ಕ್ರಮವೇ ಸರಿ. ಹಿಂದಿನ ಆಕ್ಸಲ್ ಹತ್ತಿರ ಭಾರ ನೋಡಿಕೊಂಡು ಒತ್ತಡ ಬಿಡುವ ವಾಲ್ವ್ ಇದ್ದರೆ ಚಕ್ರ ಜೋತಾಡುವಾಗ ಅದು ದಾರಿ ಮುಚ್ಚಿರಬಹುದು. ಸ್ಟ್ಯಾಂಡನ್ನು ಆಕ್ಸಲ್ ಅಡಿಗೇ ಕೊಡಿ. ಎಬಿಎಸ್ ಇರುವ ಗಾಡಿಯ ಯೂನಿಟ್ಟಿನೊಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇಲ್ಲದೆ ತೆಗೆಯುವುದು ಕಷ್ಟ, ಆ ಗಾಡಿಯನ್ನು ಗ್ಯಾರೇಜಿಗೇ ಬಿಡಿ.

ಹಳೆ ಗಾಡಿಯಲ್ಲಿ ಬ್ಲೀಡಿಂಗ್ ಮಾಡುವಾಗ ಪೆಡಲ್ ಅಡಿಗೆ ಒಂದು ಮರದ ತುಂಡು ಇಟ್ಟು, ಪೆಡಲ್ ನೆಲ ಮುಟ್ಟದ ಹಾಗೆ ನೋಡಿಕೊಳ್ಳಿ. ದಿನವೂ ಅರ್ಧದಷ್ಟೇ ಓಡಾಡಿದ ರಬ್ಬರ್ ಕಪ್ಪು, ಪೂರ್ತಿ ಒತ್ತಿದಾಗ ಸಿಲಿಂಡರಿನ ತುಕ್ಕು ಹಿಡಿದ ಭಾಗಕ್ಕೆ ಹೋಗಿ ಹರಿಯುತ್ತದೆ. ಪೈಪ್ ಮಾಡಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದು.

ಗಾಳಿ ಹೋದ ಮೇಲೆ ಇಂಜಿನ್ ಚಾಲೂ ಮಾಡಿ. ಕಾಲಿನ ಬಲ ಹೆಚ್ಚಿಸಿಕೊಡುವ ಬೂಸ್ಟರ್ ಇದ್ದರೆ ಪೆಡಲ್ ಸ್ವಲ್ಪ ಇಳಿಯುತ್ತದೆ, ಅದು ಸರಿ. ಒಬ್ಬರು ಪೂರ್ತಿ ಬಲ ಹಾಕಿ ಎರಡು ನಿಮಿಷ ಒತ್ತಿ ಹಿಡಿಯಲಿ. ಪೆಡಲ್ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಕಪ್ ಸೋತಿದೆ. ಇನ್ನೊಬ್ಬರು ಒಣ ಟಿಶ್ಯೂ ಕಾಗದ ಪ್ರತಿ ನಟ್ಟಿನ ಬುಡಕ್ಕೂ ಒತ್ತಲಿ, ಬರಿಗಣ್ಣಿಗೆ ಕಾಣದ ಪಸೆಯೂ ಕಾಗದದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಸೋರಿದರೆ ಮೈಮೇಲೆ ದೇವರು ಬಂದ ಹಾಗೆ ಬಿಗಿ ಮಾಡಬೇಡಿ. ಸಡಿಲಿಸಿ ಬಿಗಿ ಮಾಡುವುದನ್ನು ಎರಡು ಮೂರು ಸಲ ಮಾಡಿದರೆ ಹೊಸ ಫ್ಲೇರ್ ಸೀಟಿಗೆ ಹೊಂದಿಕೊಳ್ಳುತ್ತದೆ. ಆದರೂ ಪಸೆ ಬಂದರೆ ಬಿಚ್ಚಿ ಉಂಗುರದ ಗುರುತು ನೋಡಿ. ಫ್ಲೇರ್ ಸರಿಯಿದ್ದು ಎದುರಿನ ಸೀಟಿನಲ್ಲಿ ಗೀರಿದ್ದರೆ ಬದಲಿಸಬೇಕಾದದ್ದು ಆ ಭಾಗ.

ಮೊದಲ ಓಟ ಖಾಲಿ ಮೈದಾನದಲ್ಲಿ, 10-20 ಕಿ.ಮೀ. ವೇಗದಲ್ಲಿ, ಹ್ಯಾಂಡ್‌ಬ್ರೇಕ್ ಸರಿಯಿದೆ ಅಂತ ನೋಡಿಕೊಂಡ ಮೇಲೆ. ಮರುದಿನ ಬೆಳಿಗ್ಗೆ ಮತ್ತೆ ಟಿಶ್ಯೂ, 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ.

ಡಬ್ಬಿಯಲ್ಲಿ ಉಳಿದ ಬ್ರೇಕ್ ಆಯಿಲನ್ನು ಮುಂದಿನ ವರ್ಷಕ್ಕೆ ಅಂತ ಇಡಬೇಡಿ. ಉಳಿದ ಪೈಪನ್ನು ಇಡಬಹುದು, ಆದರೆ ಎರಡೂ ತುದಿಗೆ ಟೇಪ್ ಸುತ್ತಿ. ಬಾಯಿ ತೆರೆದಿಟ್ಟರೆ ಕುಂಬಾರ ಹುಳ ಒಳಗೆ ಮಣ್ಣು ತುಂಬುತ್ತದೆ, ಅದು ಗೊತ್ತಾಗುವುದು ಮುಂದಿನ ಸಲ ಆ ಚಕ್ರಕ್ಕೆ ಎಷ್ಟು ಬ್ಲೀಡ್ ಮಾಡಿದರೂ ಹನಿ ಆಯಿಲ್ ಬಾರದೆ ಹೋದಾಗ.